ಕೋರೆಹಲ್ಲಿನ ನಾಯಿಗೆ ಏನೋ ಒಂದು ಹೆಸರಿತ್ತು

ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುವ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹಲ್ಲಮ್ಮ ಎಂದೇ ಕರೆಯುತ್ತಿದ್ದರು. ಬೇಕಾದ್ದನ್ನು ಮರೆಯುವುದರಲ್ಲಿ, ಬೇಡದ್ದನ್ನು ನೆನಪಿಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಡನ ಫೋನ್ ನಂಬರ್ ಕೇಳಿದರೆ ಸೂರು ನೋಡುತ್ತಾಳೆ. ಮೂರನೇ ಕ್ಲಾಸಿನ ಟೀಚರ್ ಕೊಡೆಯ ಹಿಡಿಯಲ್ಲಿ ಬಾತುಕೋಳಿಯ ತಲೆಯಿತ್ತೆಂದು ಯಾರೂ ಕೇಳದೆಯೇ ಹೇಳುತ್ತಾಳೆ.

ಅಂದು ಬೆಳಿಗ್ಗೆ ಮುದುಕರೊಬ್ಬರ ಸೆಟ್ಟು ಅವಳ ಮೇಜಿಗೆ ಬಂತು. ಅವರದೊಂದು ಹಟ: ಕೆಳಗಿನ ಕೋರೆಹಲ್ಲು ಮೊದಲಿದ್ದ ಹಾಗೇ ಸೊಟ್ಟಗೆ ಹೊರಚಾಚಿರಬೇಕು. ಇಲ್ಲದಿದ್ದರೆ ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಾಗುತ್ತದಂತೆ. ಹಲ್ಲಮ್ಮ ಮೇಣದ ಒಸಡಿನಲ್ಲಿ ಹಲ್ಲು ಕೂರಿಸಿ, ಸ್ವಲ್ಪ ವಾಲಿಸಿ, ದೂರ ಹಿಡಿದು ನೋಡಿದಳು. ತಟ್ಟನೆ ಒಂದು ನಾಯಿ ಕಣ್ಣೆದುರು ಬಂದು ನಿಂತಿತು. ಚಿಕ್ಕಂದಿನಲ್ಲಿ ಎದುರುಮನೆಯ ಕಾಂಪೌಂಡರ್ ಸಾಕಿದ್ದ ನಾಯಿ. ಬಾಯಿ ಮುಚ್ಚಿದರೂ ಒಂದು ಹಲ್ಲು ಹೊರಗೇ ಇರುತ್ತಿತ್ತು. ಅದರ ಹರಿದ ಕಿವಿ, ಕುಂಟುವ ಓಟ, ಬೆಂಚಿನ ಕೆಳಗೆ ಮಲಗಿ ಬಿಡುತ್ತಿದ್ದ ಗೊರಕೆ, ಎಲ್ಲ ನೆನಪಾಯಿತು. ಹೆಸರು ಮಾತ್ರ ಬರಲೊಲ್ಲದು.

“ಗ-ದಿಂದ ಶುರು,” ಎಂದಳು ಜೋರಾಗಿ.

“ಏನು?” ಎಂದ ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುವವನು.

“ನಾಯಿ.”

“ನಾಯಿ ನ-ದಿಂದ ಅಲ್ವಾ ಶುರು?”

ಅವಳು ಗ, ಗಾ, ಗಿ, ಗೀ ಎಂದು ಕಾಗುಣಿತದ ಬಳ್ಳಿಯುದ್ದಕ್ಕೂ ಹೋಗಿ ಬಂದಳು. ಅಷ್ಟರಲ್ಲಿ ಬಟ್ಟಲಲ್ಲಿ ಕಲಸಿಟ್ಟ ಪ್ಲಾಸ್ಟರು ಚಮಚದ ಸಮೇತ ಗಟ್ಟಿಯಾಗಿತ್ತು. ಯಜಮಾನರು ಅದನ್ನೆತ್ತಿ, “ಇದು ಹಲ್ಲೋ, ಕಲ್ಲೋ?” ಎಂದು ಕೇಳಿ ಹೋದರು.

ಆ ನಾಯಿಯನ್ನು ಕಂಡವರಲ್ಲಿ ಈಗ ಉಳಿದವಳು ಅಕ್ಕ ಒಬ್ಬಳೇ. ಆದರೆ ಹೋದ ಬೇಸಿಗೆಯಿಂದ ಅಕ್ಕನಿಗೂ ಅವಳಿಗೂ ಮಾತಿಲ್ಲ. ತರಕಾರಿ ಅಂಗಡಿಯಲ್ಲಿ ಎದುರಾದರೆ ಒಬ್ಬಳು ಬದನೆಕಾಯಿ ನೋಡುವಳು, ಇನ್ನೊಬ್ಬಳು ತಕ್ಕಡಿ ನೋಡುವಳು. ಮೊದಲು ಅವಳೇ ಮಾತಾಡಲಿ ಎಂದು ಇವಳು, ಇವಳೇ ಮಾತಾಡಲಿ ಎಂದು ಅವಳು. ಆದರೆ ನೆನಪಾಗದ ಹೆಸರು ಹಲ್ಲಿನ ಸಂದಿಗೆ ಸಿಕ್ಕಿದ ನಾರಿದ್ದಂತೆ, ನಾಲಿಗೆ ಅಲ್ಲಿಗೇ ಹೋಗುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಲ್ಲಮ್ಮ ಸೋತಳು. ಫೋನ್ ಮಾಡಿದಳು.

“ಎದುರುಮನೆ ನಾಯಿ ಹೆಸರೇನೇ ಅಕ್ಕಾ? ಗ-ದಿಂದ ಶುರು.”

“ಇಷ್ಟು ದಿನ ಬಾಯಿ ಬಿಡದೇ ಇದ್ದೋಳು ಇದಕ್ಕೆ ಫೋನ್ ಮಾಡಿದ್ಯಾ?”

“ಹೂಂ.”

“ನಂಗೊತ್ತಿಲ್ಲ.” ಫೋನ್ ಕಟ್ಟಾಯಿತು.

ಮೇಣ ಆರುವಷ್ಟರಲ್ಲಿ ಅದೇ ಫೋನ್ ಬಡಿದುಕೊಂಡಿತು.

“ಗುಂಡ?”

“ಅಲ್ಲ. ಗುಂಡ ಅಂದ್ರೆ ಮೂಲೆಮನೆ ಹುಡುಗ.”

ಮತ್ತೆ ಕಟ್ಟು. ಮತ್ತೆ ಕರೆ.

“ಗರುಡ?”

“ನಾಯಿಗೆ ಯಾರಾದ್ರೂ ಗರುಡ ಅಂತಾರೇನೇ?”

“ಗ ಅಂತ ತಲೆಗೆ ಹುಳ ಬಿಟ್ಟೋಳು ನೀನೇ! ನಿನ್ನ ನಾಯಿ ದೆಸೆಯಿಂದ ನನ್ನ ಹಾಲೆಲ್ಲ ಉಕ್ಕಿ ಹೋಯ್ತು!”

ಸಂಜೆ ಕಾರ್ಖಾನೆಯ ಮೆಟ್ಟಿಲಿಳಿಯುವಾಗ ಹಲ್ಲಮ್ಮನ ರವಿಕೆಯ ತೋಳು ಪಕ್ಕದ ಕಂಬಿಯ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. “ಥತ್, ಹೊಸಾ ಬಟ್ಟೆ! ಇನ್ನು ದರ್ಜಿ ಹತ್ರ...” ಎನ್ನುತ್ತಿದ್ದವಳ ಕಾಲು ಗಾಳಿಯಲ್ಲೇ ನಿಂತಿತು.

ದರ್ಜಿ! ಗ-ವೂ ಇಲ್ಲ, ಗ-ದ ಗಾಳಿಯೂ ಇಲ್ಲ. ದಾರಿಹೋಕರ ಬಟ್ಟೆ ಹಿಡಿದು ಹರಿಯುತ್ತಿದ್ದ ನಾಯಿಯನ್ನು ಕಾಂಪೌಂಡರ್, “ನಮ್ಮೋನು ಅಳತೆ ತಗೊಳ್ದೇ ಕತ್ತರಿಸೋ ದರ್ಜಿ,” ಎಂದು ಮುದ್ದು ಮಾಡುತ್ತಿದ್ದ.

ಫೋನ್ ತೆಗೆದವಳು ಹಾಗೇ ಒಳಗಿಟ್ಟಳು. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ದಂಡ. ಅಕ್ಕನ ಮುಖ ನೋಡುತ್ತ ಹೇಳಬೇಕು. ಬಸ್ಸು ಕಾಯುವ ತಾಳ್ಮೆಯೂ ಇಲ್ಲದೆ ಬಿರಬಿರನೆ ನಡೆದಳು.

ಬಾಗಿಲು ತೆಗೆದ ಅಕ್ಕ ತಂಗಿಯ ಮುಖ ನೋಡಿದವಳೇ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. “ಹೇಳ್ಬೇಡ! ಮೊದಲಕ್ಷರ ಮಾತ್ರ.”

“ದ.”

“ಮತ್ತೆ ಗ ಅಂದೆ?”

“ತಪ್ಪಾಯ್ತು ಮಾರಾಯ್ತಿ.”

ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿದಳು. “ದ... ದ... ದರ್ಜಿ! ಅಪ್ಪನ ಪ್ಯಾಂಟು!”

ದರ್ಜಿ ಹರಿದ ಪ್ಯಾಂಟಿನ ಹಿಂಬದಿಗೆ ಪೇಪರು ಅಡ್ಡ ಹಿಡಿದು ಗೋಡೆ ಸವರುತ್ತ ಮನೆಗೆ ಬಂದಿದ್ದ ಅಪ್ಪ ಇಬ್ಬರ ಕಣ್ಣಿಗೂ ಒಟ್ಟಿಗೇ ಕಟ್ಟಿದರು. ಅಕ್ಕತಂಗಿ ಇಬ್ಬರೂ ಹೊಸ್ತಿಲ ಮೇಲೇ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಕೇಳಿದಳು, “ಅಂದ ಹಾಗೆ, ನಾವು ಮಾತು ಬಿಟ್ಟಿದ್ದು ಯಾಕೆ?”

“ಬೀರು ವಿಷಯಕ್ಕೆ ಅಲ್ವಾ?”

“ಬೀರು ಅಲ್ಲ. ನೀನೇನೋ ಅಂದೆ.”

“ನಾನಾ? ನೀನಲ್ವಾ ಅಂದಿದ್ದು?”

ಹಲ್ಲಮ್ಮ ನಿಜವಾಗಿಯೂ ಹುಡುಕಿದಳು. ಸಿಟ್ಟು ಇದ್ದ ಜಾಗ ತಿಳಿಯುತ್ತಿತ್ತು, ಹಲ್ಲು ಕಿತ್ತ ಮೇಲಿನ ಒಸಡಿನ ಹಾಗೆ. ಹಲ್ಲು ಮಾತ್ರ ಇರಲಿಲ್ಲ.

ಒಳಗೆ ಕುರ್ಚಿಯಲ್ಲಿದ್ದ ಭಾವ ಗಂಟಲು ಸರಿಮಾಡಿಕೊಂಡರು. “ನಂಗೆ ಚೆನ್ನಾಗಿ ನೆನಪಿದೆ. ಅವತ್ತು ಏನಾಯ್ತು ಅಂದ್ರೆ...”

“ನೀವು ಸುಮ್ನಿರಿ!” ಎಂದರು ಇಬ್ಬರೂ ಒಂದೇ ಬಾಯಲ್ಲಿ.

ಭಾವ ತೆರೆದ ಬಾಯಿ ಮುಚ್ಚಿಕೊಂಡು ಟೀಗೆ ನೀರಿಡಲು ಎದ್ದರು. ಅಡುಗೆಮನೆಗೂ ಅಕ್ಕತಂಗಿಯರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಒಳ್ಳೇ ಕಪ್ಪು ನಾಯಿ ಅದು.”

“ಕಪ್ಪಾ? ಕಂದು ಕಣೇ!”

ಇವತ್ತು ಊಟ ತಡ ಎಂದು ಭಾವನಿಗೆ ಖಾತ್ರಿಯಾಯಿತು.