ನೂರ ನಲವತ್ತು ಕುದುರೆ ಮತ್ತು ಮರೆಪ್ಪ

ಅಥಣಿ ರಸ್ತೆಯ ಏರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ತನ್ನ ಕಾರನ್ನು ಹಿಂದೆ ಹಾಕಿದ ದಿನವೇ ಗೌತಮಿ ಎಂಜಿನ್ ಬದಲಿಸುವ ನಿರ್ಧಾರ ಮಾಡಿದಳು. ಹಿಂದೆ ಹಾಕಿದ್ದನ್ನು ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಟ್ರ್ಯಾಕ್ಟರಿನವನು ಪಕ್ಕಕ್ಕೆ ಬಂದು, ವೇಗ ತಗ್ಗಿಸಿ, ಹಗ್ಗ ಕಟ್ಟಿ ಎಳೆಯಬೇಕೇನು ಎಂದು ಬಹಳ ಮರ್ಯಾದೆಯಿಂದ ಕೇಳಿದ್ದ.

ಗೌತಮಿ ಟಿಕೋಟಾದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ವಿಜಯಪುರದ ಮನೆಯಿಂದ ಅಲ್ಲಿಗೆ ದಿನಾ ಅದೇ ಕಾರಿನಲ್ಲಿ ಹೋಗಿಬರುತ್ತಿದ್ದಳು. ಒಂದು ಕಾಲದಲ್ಲಿ ಯಾವುದೋ ಇಲಾಖೆಯ ಸಾಹೇಬರನ್ನು ಹೊತ್ತು ತಿರುಗಿದ ದುಂಡು ಬೆನ್ನಿನ ಬಿಳಿ ಕಾರು ಅದು. ಅವಳ ಅಪ್ಪ ಮರೆಪ್ಪ ಅದನ್ನು ಹರಾಜಿನಲ್ಲಿ ಹಿಡಿದಿದ್ದ. ಮರೆಪ್ಪ ಸರ್ಕಾರಿ ಬಸ್ಸಿನ ನಿವೃತ್ತ ಚಾಲಕ. ಸೇವೆಯುದ್ದಕ್ಕೂ ಒಂದು ಕೋಳಿಯ ಮೇಲೂ ಗಾಲಿ ಹಾಯಿಸಿದವನಲ್ಲ. ಅವನ ಬಸ್ಸಿನಲ್ಲಿ ಹತ್ತಿದವರು ಒಂದು ಪೂರ್ತಿ ನಿದ್ದೆ ಮುಗಿಸಿ ಇಳಿಯುತ್ತಿದ್ದರು ಎಂದು ಡಿಪೋದಲ್ಲಿ ಈಗಲೂ ಹೇಳುತ್ತಾರೆ.

ಬಬಲೇಶ್ವರದಲ್ಲಿ ಸೈಫುದ್ದೀನನ ಗ್ಯಾರೇಜು. ಅಪಘಾತವಾದ ಗಾಡಿಗಳ ಗಟ್ಟಿ ಎಂಜಿನ್ ತೆಗೆದಿಟ್ಟು ಮಾರುವುದು ಅವನ ಕಸುಬು. ಅಪ್ಪ ಮಗಳು ಹೋದಾಗ ಅವನು ಮೂರು ಎಂಜಿನ್‌ಗಳ ಮೇಲಿನ ತಾಡಪತ್ರಿ ಸರಿಸಿ, ವಧು ತೋರಿಸುವವನಂತೆ ಒಂದೊಂದರ ಮನೆತನ ಹೇಳತೊಡಗಿದ. ಮೊದಲನೆಯದು ಟ್ಯಾಕ್ಸಿಯ ಸಣ್ಣ ಡೀಸೆಲ್, ಎಪ್ಪತ್ತು ಕುದುರೆಯ ಬಲ, ಉಣ್ಣುವುದು ಕಡಿಮೆ, ದನಿ ಮಾತ್ರ ದೊಡ್ಡದು. ಎರಡನೆಯದು ಯಾರೋ ಡಾಕ್ಟರ ಕಾರಿನ ಪೆಟ್ರೋಲ್ ಎಂಜಿನ್, ನೂರು ಕುದುರೆ, ಬಹಳ ಮೆತ್ತಗಿನ ಸ್ವಭಾವ. ಮೂರನೆಯದರ ಮೇಲಿನ ಧೂಳನ್ನು ಅವನು ಹೆಗಲ ಬಟ್ಟೆಯಿಂದ ಒರೆಸಿದ. ಹೊಲಕ್ಕೆ ಉರುಳಿ ಬಿದ್ದ ದೊಡ್ಡ ಗಾಡಿಯ ಟರ್ಬೊ ಡೀಸೆಲ್ ಅದು. ನೂರ ನಲವತ್ತು.

ಮರೆಪ್ಪ ಸೀದಾ ಮೊದಲನೆಯದರ ಮೇಲೆ ಕೈಯಿಟ್ಟ. ಗೌತಮಿ ಮೂರನೆಯದನ್ನು ಬಿಟ್ಟು ಕದಲಲಿಲ್ಲ.

“ಕುದುರಿ ಎಷ್ಟ ಅದಾವ ಅಂತ ಆಮ್ಯಾಲೆ ಕೇಳು,” ಎಂದ ಮರೆಪ್ಪ. “ನಿಲ್ಲಸಾಕ ಏನೈತಿ ಅಂತ ಮೊದಲ ಕೇಳು.”

ಸೈಫುದ್ದೀನ ಇಬ್ಬರನ್ನೂ ಬಿಟ್ಟುಕೊಡಲಿಲ್ಲ. ದೊಡ್ಡದು ಕೂಡುತ್ತದೆ, ಆದರೆ ಅದರದೇ ಗೇರ್ ಬಾಕ್ಸ್ ಬೇಕು, ಹೊಸ ಬ್ರೇಕು ಬೇಕು, ದೊಡ್ಡ ರೇಡಿಯೇಟರ್ ಬೇಕು, ಆರ್‌ಟಿಒ ಕಚೇರಿಯ ಒಪ್ಪಿಗೆ ಬೇಕು, ಹಿಂದಿನ ಗಾಲಿಗಳ ಅಚ್ಚು ಇಷ್ಟು ಬಲ ತಾಳುವುದಿಲ್ಲ, ಅದನ್ನೂ ಬದಲಿಸಬೇಕು ಎಂದ. ಎಲ್ಲಕ್ಕೂ ಗೌತಮಿ ತಲೆಯಾಡಿಸಿದಳು. ಕನಸಿನಲ್ಲಿ ಅವಳು ಆಗಲೇ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕತೊಡಗಿದ್ದಳು.

ಕಾಗದದ ಕೆಲಸ ಮುಗಿದು ಎಂಜಿನ್ ಕೂರುವ ಹೊತ್ತಿಗೆ ಬೇಸಿಗೆ ಬಂತು. ಎಲ್ಲ ಆಗಿತ್ತು, ಹೊಸ ಅಚ್ಚು ಮಾತ್ರ ಬಂದಿರಲಿಲ್ಲ. ಅದು ಬರುವವರೆಗೆ ಗಾಡಿಯನ್ನು ಹಳೆಯ ಅಚ್ಚಿನ ಮೇಲೆ ಮನೆಗೆ ಒಯ್ಯಬಹುದು, ಆದರೆ ಹೂವಿನ ಹಾಗೆ ಓಡಿಸಬೇಕು ಎಂದು ಸೈಫುದ್ದೀನ ಹೇಳಿದ. ಹಾಗೆ ಓಡಿಸಬಲ್ಲವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಗೌತಮಿ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು.

ಸಂತೆಯ ಗದ್ದಲ ದಾಟುವವರೆಗೆ ಮರೆಪ್ಪ ಹೂವಿನ ಹಾಗೆಯೇ ಓಡಿಸಿದ. ಊರು ಮುಗಿದ ಮೇಲೆ ಹಿಂದಿನಿಂದ ಒಂದು ಜೀಪು ಹಾರ್ನ್ ಹೊಡೆಯಿತು. ಮರೆಪ್ಪ ಬಲಗಾಲನ್ನು ತುಸುವೇ ಒತ್ತಿದ. ಜೀಪು ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಯಿತು. ಅವನು ಕನ್ನಡಿ ನೋಡಿದ, ತನ್ನ ಕಾಲು ನೋಡಿಕೊಂಡ, ಮತ್ತೆ ಒತ್ತಿದ. ಜೋಳದ ಹೊಲಗಳು ಒಂದಕ್ಕೊಂದು ಅಂಟಿಕೊಂಡವು. ಗೌತಮಿ ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನ ಎಂದಳು. ಅವಳು ಎಂದೂ ಕಾಣದ ನಗೆಯೊಂದು ಅಪ್ಪನ ಮೋರೆಯ ಮೇಲಿತ್ತು. ಸರ್ಕಾರಿ ಬಸ್ಸೊಂದನ್ನು ಹಿಂದೆ ಹಾಕುವಾಗ ಅವನು ಅದರ ಚಾಲಕನಿಗೆ ಕೈ ಬೀಸಿದ.

ಮುಂದೆ ಒಂದು ಬಸ್ ನಿಲುಗಡೆ ಬಂದಾಗ ರೂಢಿಯಂತೆ ಗಾಡಿ ನಿಲ್ಲಿಸಿಯೂಬಿಟ್ಟ. ನಿಂಬೆಹಣ್ಣಿನ ಬುಟ್ಟಿ ಹಿಡಿದ ಮಾಸುಮಬಿ ಎಂಬ ಮುದುಕಿ, ನಿಂತ ಗಾಡಿ ಎಂದಮೇಲೆ ಹತ್ತುವುದಕ್ಕೇ ಎಂದುಕೊಂಡು ಹಿಂದೆ ಹತ್ತಿ ಕೂತಳು. ಅವಳಿಗೂ ಒಂದು ನಮೂನೆ ತೋರಿಸೋಣ ಎಂದು ಮರೆಪ್ಪ ಎಂಜಿನ್ ಗುಡುಗಿಸಿ ಗಕ್ಕನೆ ಕ್ಲಚ್ ಬಿಟ್ಟ.

ಹಿಂದೆ ಬಂದೂಕು ಹಾರಿದಂಥ ಸದ್ದಾಯಿತು. ಎಂಜಿನ್ ಗುಡುಗುತ್ತಲೇ ಇತ್ತು. ಕಾರು ಒಂದು ಗೇಣೂ ಸರಿಯಲಿಲ್ಲ. ಅಚ್ಚು ಎರಡು ತುಂಡಾಗಿತ್ತು.

ಸ್ವಲ್ಪ ಹೊತ್ತಿಗೆ ಅವರು ಹಿಂದೆ ಹಾಕಿದ್ದ ಆ ಬಸ್ಸು ಬಂತು. ಮಾಸುಮಬಿ ಬುಟ್ಟಿ ಸಮೇತ ಇಳಿದು ಅದನ್ನು ಹತ್ತುತ್ತ, “ಆವಾಜ ಛಲೋ ಐತ್ರಿ, ಖರೇ ಗಾಡಿ ಹೋಗೂದಿಲ್ಲ,” ಎಂದಳು. ಈ ಸಲ ಕೈ ಬೀಸಿದವನು ಬಸ್ಸಿನ ಚಾಲಕ.

ಸೈಫುದ್ದೀನನಿಗೆ ಫೋನು ಮಾಡಿ ಇಬ್ಬರೂ ಬೇವಿನ ನೆರಳಲ್ಲಿ ಕುಳಿತರು. ಗೌತಮಿಗೆ ಬಾಯಿಗೆ ಬಂದಂತೆ ಬೈಯಬೇಕೆನಿಸಿತ್ತು. ಅಪ್ಪನೇ ಮೊದಲು ಮಾತಾಡಿದ.

“ಬಸ್ಸಿಗೆ ವೇಗದ ಲಾಕ್ ಹಾಕಿರತಾರವ್ವ. ಎಷ್ಟ ಒತ್ತಿದ್ರೂ ಅಷ್ಟ. ಮಂದಿ ನನ್ನ ಭಾಳ ಶಾಂತ ಮನಷ್ಯಾ ಅಂದ್ರು. ನಾನೂ ಹಂಗ ತಿಳಕೊಂಡಿದ್ದೆ.”

ಗೌತಮಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲಾಗಲಿಲ್ಲ. ಮೊದಲು ಅವಳು ನಕ್ಕಳು, ಆಮೇಲೆ ಅವನೂ ನಕ್ಕ.

ಸೈಫುದ್ದೀನ ಗಾಡಿ ಎಳೆದುಕೊಂಡು ಹೋಗಲು ಬಂದಾಗ ಇಬ್ಬರ ಮಾತೂ ತಲೆಕೆಳಗಾಗಿತ್ತು. ಗೌತಮಿ ಆ ಎಪ್ಪತ್ತು ಕುದುರೆಯದೇ ಸಾಕು ಎಂದು ಹಟ ಹಿಡಿದಳು. ದೊಡ್ಡ ಎಂಜಿನ್ ತೆಗೆಯಬಾರದು, ಗಟ್ಟಿ ಅಚ್ಚು ಬರುವತನಕ ಕಾಯೋಣ ಎಂದ ಮರೆಪ್ಪ. ಯಾರ ಮಾತು ಕೇಳಬೇಕೆಂದು ತಿಳಿಯದೆ ಸೈಫುದ್ದೀನ ಬಾನೆಟ್ ಮೇಲೆ ಕೂತು ಬೀಡಿ ಹಚ್ಚಿದ. ಸಣ್ಣ ಎಂಜಿನ್ ಕಳೆದ ವಾರವೇ ಕಳ್ಳಕವಟಗಿ ಊರಿನವರೊಬ್ಬರಿಗೆ ಮಾರಾಟವಾಗಿದೆ ಎಂದು ಅವನು ಕೊನೆಗೆ ಹೇಳಿದಾಗ ವಾದವೇ ಮುಗಿಯಿತು.

ಹೊಸ ಅಚ್ಚು ಬಂತು, ಕೂತಿತು, ಕಾರು ಈಗ ಏರು ಇಳಿಜಾರು ಎನ್ನದೆ ಓಡುತ್ತದೆ. ಮನೆಯಲ್ಲಿ ಕೂತು ಬೇಸರವಾಗುತ್ತದೆ ಎಂಬ ನೆಪ ಹೇಳಿ ಮರೆಪ್ಪ ದಿನಾ ಮಗಳನ್ನು ಟಿಕೋಟಾಕ್ಕೆ ಬಿಟ್ಟು, ಸಂಜೆ ಕರೆತರುತ್ತಾನೆ. ಕಾವಲುಗಾರ ಗೇಟು ತೆಗೆಯುವ ಮೊದಲೇ ಅವಳು ಆಸ್ಪತ್ರೆಯ ಮುಂದಿರುತ್ತಾಳೆ.

ಮೊನ್ನೆ, ವಿಜಯಪುರದಿಂದಲೇ ಬರುವ ನರ್ಸ್ ಯಾಸ್ಮೀನ ಹೊಸ ಎಂಜಿನ್ ಹೇಗಿದೆ ಎಂದು ವಿಚಾರಿಸಿದಳು. ಬಹಳ ಚೆನ್ನಾಗಿದೆ ಎಂದ ಗೌತಮಿ, ಕೆದರಿದ ಕೂದಲು ಸರಿಮಾಡಿಕೊಂಡು, ದನಿ ತಗ್ಗಿಸಿದಳು.

“ಸಂಜಿಗೆ ನಿನ್ನ ಸ್ಕೂಟಿ ಮ್ಯಾಲ ಜಾಗಾ ಐತೇನವಾ?”