ನಾನು ಆರಿಸಿದ ಹಡಗು

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ನಮ್ಮ ನೀರಿನ ಟ್ಯಾಂಕ್ ಕಾರ್ಖಾನೆಗೆ ನಲವತ್ತು ವರ್ಷ ತುಂಬಿತೆಂದು ಮಾಲೀಕ ಡ್ಯಾರಿಲ್ ನಮ್ಮ ಮೂವತ್ತೊಂದು ಜನರನ್ನೂ ಹಡಗಿನಲ್ಲಿ ಪ್ರವಾಸಕ್ಕೆ ಕರೆದೊಯ್ಯುವುದಾಗಿ ಹೇಳಿದ. ಹಡಗು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹತ್ತೊಂಬತ್ತು ವರ್ಷದಿಂದ ಆಫೀಸು ನೋಡಿಕೊಳ್ಳುವವಳು ನಾನೇ.

ಕೊನೆಗೆ ಎರಡು ಉಳಿದವು. ಒಂದು ಸಿಡ್ನಿಯಿಂದ ಹೊರಟು ನಾಲ್ಕು ದಿನ ಸುಮ್ಮನೆ ಸಮುದ್ರ ಸುತ್ತಿ ಬರುವುದು. ಎಷ್ಟು ಕುಡಿದರೂ ಟಿಕೆಟ್ಟಿನಲ್ಲೇ ಸೇರಿದೆ. ಇನ್ನೊಂದು ದ್ವೀಪಗಳಿಗೆ, ನೂಮಿಯಾ, ಲಿಫೂ ಕಡೆಗೆ, ಎಂಟು ದಿನದ್ದು. ಕುಡಿಯುವವರು ಕೈಯಿಂದ ದುಡ್ಡು ಕೊಡಬೇಕು.

"ಗ್ಲೆನಿಸ್, ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?" ಎಂದಳು ಸರಕು ಸಾಗಣೆ ನೋಡುವ ಟ್ಯಾಶ್. "ದ್ವೀಪ ತೋರ್ಸೋಕೆ ನಾವೇನು ಸ್ಕೂಲ್ ಮಕ್ಕಳಾ? ಬಾರ್ ಇರೋ ಹಡಗು ಹತ್ಸು ಮಾರಾಯ್ತಿ!"

ಎಲ್ಲರೂ ನಕ್ಕರು. ವೆಲ್ಡರ್ ಲಯಲ್ ಕೂಡ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಲಯಲ್ ತಗಡಿನ ರಾಶಿಯ ಹಿಂದೆ ಕುಡಿದು ಬಿದ್ದಿದ್ದ. ಪಕ್ಕದಲ್ಲಿ ವೆಲ್ಡಿಂಗ್ ಗ್ಯಾಸು ಇನ್ನೂ ಉರಿಯುತ್ತಿತ್ತು. ನಾನು ಗ್ಯಾಸು ಆರಿಸಿ, ಅವನನ್ನು ಮನೆಗೆ ಬಿಟ್ಟು, ಅವನಿಗೆ ಜ್ವರ ಎಂದು ಡ್ಯಾರಿಲ್‌ಗೆ ಹೇಳಿಬಿಟ್ಟೆ. ಆಮೇಲೆ ಕುಡಿತ ಬಿಡುವವರ ಸಭೆಗೆ ಆರು ವಾರ ನಾನೇ ಕರೆದುಕೊಂಡು ಹೋದೆ. ಅಂದಿನಿಂದ ಅವನು ಒಂದು ಹನಿಯನ್ನೂ ಮುಟ್ಟಿಲ್ಲ. ವಿಷಯ ನಮ್ಮಿಬ್ಬರಿಗೇ ಗೊತ್ತು.

ಹಾಗಾಗಿ ನಾನು ದ್ವೀಪಗಳ ಹಡಗನ್ನೇ ಆರಿಸಿದೆ. ಇನ್ನೊಂದರಲ್ಲಿ ಇಷ್ಟು ಜನಕ್ಕೆ ಜಾಗವಿಲ್ಲ ಎಂದೆ.

ಎರಡು ದಿನ ಕಳೆದು, ಟೀ ಹೊತ್ತಿನಲ್ಲಿ, ಟ್ಯಾಶ್ ಎಲ್ಲರೆದುರೇ ಕೇಳಿದಳು: "ನಾನೇ ಫೋನ್ ಮಾಡಿದ್ದೆ. ಇಪ್ಪತ್ತು ಕ್ಯಾಬಿನ್ ಖಾಲಿ ಇದ್ಯಂತೆ. ಯಾಕೆ ಸುಳ್ಳು ಹೇಳ್ದೆ?"

"ನಿಜಾನಾ ಗ್ಲೆನ್?" ಎಂದ ಡ್ಯಾರಿಲ್.

ಕಾರಣ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ನಾನು ಹೇಳುವಂಥದ್ದಲ್ಲ. "ನಂಗೆ ದ್ವೀಪ ನೋಡ್ಬೇಕಿತ್ತು" ಎಂದೆ.

"ಅಜ್ಜಿ ಆಸೆ ನೋಡ್ರೋ!" ಎಂದು ಯಾರೋ ಕೂಗಿದರು. ಡ್ಯಾರಿಲ್ ನಗಲಿಲ್ಲ. ಹಡಗಿನ ಕೆಲಸವನ್ನು ಅಲ್ಲೇ ಟ್ಯಾಶ್‌ಗೆ ವಹಿಸಿದ.

ಸಂಜೆ ಲಯಲ್ ನನ್ನ ಕಾರಿನ ಬಳಿ ನಿಂತಿದ್ದ. ಒಂದು ಒಳ್ಳೆಯ ಮಾತು ಆಡಲು ಬಂದಿದ್ದಾನೆ ಎಂದುಕೊಂಡೆ.

"ನನ್ ಸಲುವಾಗಿ ಮಾಡ್ದೆ ಅಲ್ವಾ?"

"ನಾಲ್ಕು ದಿನ ಲಯಲ್, ಎಲ್ಲಿ ತಿರುಗಿದ್ರೂ ಬಾರು. ಅಂಥ ಕಡೆ ನಿನ್ನನ್ನ ಹೇಗೆ..."

"ನನ್ನ ಕೇಳಿದ್ಯಾ?" ಅವನ ದನಿ ಏರಲಿಲ್ಲ. "ನಮ್ ಶೆಡ್ಡಿನ ಮರ್ವ್ ಕುಡಿಯಲ್ಲ, ಅವನ ಜೊತೆ ಕ್ಯಾಬಿನ್‌ಗೆ ಮಾತಾಡಿಟ್ಟಿದ್ದೆ. ಹಡಗಲ್ಲೂ ನಮ್ಮಂಥೋರ ಸಭೆ ದಿನಾ ಇರುತ್ತಂತೆ, ಅದನ್ನೂ ವಿಚಾರಿಸಿದ್ದೆ. ಎಲ್ಲರ ಮಧ್ಯೆ ಇದ್ದೂ ಇರಬಲ್ಲೆ ಅಂತ ನಂಗೇ ಗೊತ್ತಾಗ್ಬೇಕಿತ್ತು. ನೀನು ಮಾತ್ರ ಇನ್ನೂ ಆ ಬಿದ್ದಿರೋ ಲಯಲ್‌ನೇ ನೋಡ್ತಿದೀಯ."

ಅವನು ಹೊರಟುಹೋದ ಮೇಲೆ ನಾನು ಕಾರು ಹತ್ತಿ ಮನೆಗೆ ಹೋದೆ.

ಟ್ಯಾಶ್ ನಾಲ್ಕು ದಿನದ ಹಡಗನ್ನೇ ಗೊತ್ತು ಮಾಡಿದಳು. ಮಂಡಿನೋವು ಎಂದು ನೆಪ ಹೇಳಿ ನಾನು ಪ್ರವಾಸಕ್ಕೆ ಹೋಗಲಿಲ್ಲ. ಆ ನಾಲ್ಕೂ ದಿನ ಖಾಲಿ ಆಫೀಸಿನಲ್ಲಿ ಫೋನ್ ರಿಂಗಾದಾಗಲೆಲ್ಲ ಲಯಲ್ ಸುದ್ದಿಯಿರಬಹುದೆಂದು ಓಡಿ ಎತ್ತುತ್ತಿದ್ದೆ.

ಸೋಮವಾರ ಎಲ್ಲರೂ ಬಿಸಿಲಿಗೆ ಮೂಗು ಸುಟ್ಟುಕೊಂಡು ಬಂದರು. ಲಯಲ್ ರಜೆಯ ಕಾಗದಕ್ಕೆ ಸಹಿ ಹಾಕಲು ಬಂದಾಗ ನನ್ನ ಕಣ್ಣು ತಾನಾಗಿಯೇ ಅವನ ಮುಖ, ಕೈಗಳ ಮೇಲೆ ಓಡಿತು. ಅವನಿಗೆ ತಿಳಿಯಿತು.

"ಸರಿಯಾಗಿ ನೋಡ್ಕೋ" ಎಂದು ಎರಡೂ ಕೈ ಮೇಜಿನ ಮೇಲೆ ಚಾಚಿದ. ಅವು ಸ್ವಲ್ಪವೂ ನಡುಗುತ್ತಿರಲಿಲ್ಲ.

"ತಪ್ಪಾಯ್ತು ಲಯಲ್."

"ಗೊತ್ತು. ಆದ್ರೆ ಸ್ವಲ್ಪ ಟೈಮ್ ಬೇಕು ಗ್ಲೆನ್."

ಅದೇ ವಾರ ಅವನು ತಾನಾಗಿಯೇ ಡ್ಯಾರಿಲ್‌ಗೆ ಎಲ್ಲವನ್ನೂ ಹೇಳಿದ. ಅದಾಗಿ ಐದು ತಿಂಗಳು. ಎದುರು ಸಿಕ್ಕಾಗ ಅವನು ನನಗೆ ತಲೆಯಾಡಿಸುತ್ತಾನೆ, ಅಷ್ಟೇ.