ಓಬಳೆಪ್ಪನ ಊರ ಪೆಟ್ಟು

ಗಾಳೆಮ್ಮ ಒಡೆದ ಗಡಿಗೆಯ ಬೋಕಿಯೊಂದನ್ನು ಕೈಯಲ್ಲಿ ಹಿಡಿದು ಮತ್ತೊಂದು ಬಾಗಿಲು ಬಡಿದಳು.

"ಯಾರು?"

"ನಾನವ್ವಾ, ಗಾಳೆಮ್ಮ. ನಾಕು ಕೆಂಡ ಕೊಡು."

ಒಳಗಿನ ಮಾತು ನಿಂತಿತು. ರೊಟ್ಟಿ ಬಡಿಯುವ ಸದ್ದೂ ನಿಂತಿತು. "ನಮ್ಮ ಒಲಿ ಆರೈತಿ" ಎಂದು ಉತ್ತರ ಬಂತು. ಆರಿದ ಒಲೆಯ ಹೊಗೆ ಮಾತ್ರ ಬೆಳಕಿಂಡಿಯಿಂದ ದಿವಿನಾಗಿ ಮೇಲೇಳುತ್ತಿತ್ತು.

ಗಂಡನ ಹೆಣವನ್ನು ಮನೆಯಲ್ಲಿಟ್ಟುಕೊಂಡು ಹೆಂಡತಿಯಾದವಳು ಹೀಗೆ ಕೇರಿ ಸುತ್ತಬಾರದು. ಆದರೆ ಮೈದುನ ಕಾಳಪ್ಪ ಆಗಲೇ ಒಂದು ಸುತ್ತು ಹಾಕಿ ಬರಿಗೈಲಿ ಬಂದಿದ್ದ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ, ಕೆಂಡ ನೆರೆಮನೆಯಿಂದಲೇ ಬರಬೇಕು. ಕೆಂಡವಿಲ್ಲದೆ ಹಲಗೆ ಕಾಯುವುದಿಲ್ಲ. ಕಾಯದ ಹಲಗೆಯ ಚರ್ಮ ಸಡಿಲಾಗಿ, ಬಾರಿಸಿದರೆ ಗೋಣಿಚೀಲ ಬಡಿದಂತೆ ಸದ್ದು ಬರುತ್ತದೆ. ಊರಿನ ಎಲ್ಲ ಹೆಣಗಳ ಮುಂದೆ ಹಲಗೆ ಬಾರಿಸುತ್ತ ನಡೆದ ಓಬಳೆಪ್ಪ, ತನ್ನ ಸಾವಿಗೆ ಸದ್ದಿಲ್ಲದೆ ಹೋಗಬೇಕೆ? ಗಾಳೆಮ್ಮ ಕೇರಿ ಸುತ್ತುತ್ತಿದ್ದುದು ಅದಕ್ಕೆ. ಅವಳ ಮನಸ್ಸಿನಲ್ಲಿ ಇನ್ನೊಂದು ಮಾತೂ ಇತ್ತು. ಮಣ್ಣಿಗೆ ಹೋಗುವ ಮೊದಲು, ಅವನದೇ ಹಲಗೆಯಲ್ಲಿ, ಒಮ್ಮೆಯಾದರೂ ಸಾರಬೇಕು: ನನ್ನ ಗಂಡ ಸುಳ್ಳುಗಾರನಲ್ಲ.

ಅವನಿಗೆ ಯಾವ ರೋಗವಾಗಿತ್ತೆಂದು ಹೇಳುವುದು? ಮೊದಲು ಊರು ಅವನ ಸಂಗಡ ಮಾತು ಬಿಟ್ಟಿತು. ಆಮೇಲೆ ಅವನೂ ಮಾತು ಬಿಟ್ಟ. ಕಡೆಗೆ ರೊಟ್ಟಿ ಬಿಟ್ಟ. ಇವತ್ತು ನಸುಕಿನಲ್ಲಿ ಉಸಿರನ್ನೂ ಬಿಟ್ಟ.

* * *

ಹುಲಿಗಿಯಿಂದ ಹೊಳೆಗುಂಟ ನಡೆದರೆ ಸಿಗುವ ಆ ಊರಿನಲ್ಲಿ ಡಂಗುರ ಸಾರುವುದು ಓಬಳೆಪ್ಪನ ಮನೆತನದ ಕೆಲಸ. ಅವನ ಹಲಗೆಗೆ ಎರಡು ಬಗೆಯ ಪೆಟ್ಟು. ಲೇವಿ ಜೋಳ ತಂದು ಹಾಕಿರಿ, ಬಿಟ್ಟಿ ಕೆಲಸಕ್ಕೆ ಆಳು ಕಳಿಸಿರಿ ಎಂಬಂಥ ಹುಕುಂಗಳಿಗೆ ಸರಕಾರಿ ಪೆಟ್ಟು. ಅದು ಗಡಸು, ಒಂದೇ ಸಮ. ಅದನ್ನು ಕೇಳಿದರೆ ಜನ ಕದ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಎತ್ತು ತಪ್ಪಿಸಿಕೊಂಡಿದೆ, ಹಬ್ಬ ಇಂಥ ದಿನ, ಇಂಥವರು ತೀರಿಕೊಂಡರು ಎಂಬ ಊರಿನದೇ ಸುದ್ದಿಗೆ ಊರ ಪೆಟ್ಟು. ಅದಕ್ಕೆ ಕುಣಿತದ ಗತ್ತು ಇತ್ತು. ಅದು ಕೇಳಿದೊಡನೆ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದರು. ಊರ ಪೆಟ್ಟಿನಲ್ಲಿ ಓಬಳೆಪ್ಪ ಸಾರಿದ್ದು ಸುಳ್ಳಾದ ನೆನಪು ಯಾರಿಗೂ ಇರಲಿಲ್ಲ.

ಹಿಂದಿನ ವರ್ಷ, ನಿಜಾಮರ ಆಳ್ವಿಕೆಯ ಕಡೆಗಾಲದಲ್ಲಿ, ಅವರ ಪರವಾದ ಬಂದೂಕಿನ ದಂಡು ಊರೂರು ಸುತ್ತತೊಡಗಿತ್ತು. ಪ್ರಾಯದ ಹುಡುಗರೆಲ್ಲ ಹರಗೋಲು ಹತ್ತಿ, ನಿಜಾಮರ ಗಡಿ ದಾಟಿ, ಹೊಳೆಯಾಚೆಯ ಹೋರಾಟಗಾರರ ಶಿಬಿರ ಸೇರಿದ್ದರು. ಪಕ್ಕದ ಮನೆಯ ಫಕೀರಮ್ಮನ ಒಬ್ಬನೇ ಮಗ ತಿರುಪತಿಯೂ ಹೋಗಿದ್ದ. ಆಚೆಯ ಪತ್ರಿಕೆಗಳು ಈಚೆ ಬರದಂತೆ ಬಂದೋಬಸ್ತು ಆಗಿತ್ತು. ಚಾವಡಿಗೆ ಬರುತ್ತಿದ್ದುದು ರಾಜಧಾನಿಯ ಒಂದೇ ಒಂದು ಅಖಬಾರ. ಅಂಥ ದಿನಗಳಲ್ಲಿ ಕೊಟ್ರಪ್ಪಗೌಡ ಓಬಳೆಪ್ಪನನ್ನು ಚಾವಡಿಗೆ ಕರೆಸಿದ. ಗೌಡ ಆಗ ಊರಿನ ಪೊಲೀಸ್ ಪಾಟೀಲ. ಗಂಡನಿಗೆ ಬುತ್ತಿ ಕೊಡಲು ಹೋಗಿದ್ದ ಗಾಳೆಮ್ಮ ಕಟ್ಟೆಯ ಕೆಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ರಾಜಿ ಆಗೇತಲೇ ಓಬಳಿ. ದಂಡು ವಾಪಸ್ ಹೊಂಟೈತಿ. ಹೋದ ಹುಡುಗ್ರು ಬರಲಿ, ಕೂದಲು ಕೊಂಕೂದಿಲ್ಲ ಅಂತ ಸಾರು. ಸರಕಾರಿ ಪೆಟ್ಟು ಬ್ಯಾಡ. ಊರ ಪೆಟ್ಟು ಹಾಕು."

"ಇದು ಸರಕಾರದ ಸುದ್ದಿ ಅಲ್ರೀ ಗೌಡ್ರ? ಊರ ಪೆಟ್ಟು ಹೆಂಗ ಹಾಕ್ಲಿ?"

"ಮಕ್ಳು ಮನಿಗೆ ಬರೋದು ಊರ ಸುದ್ದಿ ಅಲ್ಲೇನು?"

ಓಬಳೆಪ್ಪ ಅಷ್ಟಕ್ಕೇ ಬಗ್ಗಲಿಲ್ಲ. ಚಾವಡಿಯಲ್ಲಿ ಅಖಬಾರ ಓದಿ ಹೇಳುತ್ತಿದ್ದ ಮದಾರಸಾಬನ ಕಡೆ ತಿರುಗಿದ. "ಮದಾರಣ್ಣ, ನಿನ್ನ ಕಣ್ಣಿಲೆ ನೋಡಿ ಹೇಳು. ಖರೇನ?"

ಮದಾರಸಾಬ ಕನ್ನಡಕ ಏರಿಸಿ ಅಖಬಾರವನ್ನು ಬೆಳಕಿಗೆ ಹಿಡಿದ. "ಛಾಪಾ ಆಗೇತಿ ತಮ್ಮಾ. ರಾಜಿ ಆತು, ಎಲ್ಲಾ ಕಡೆ ಶಾಂತಿ ಐತಿ ಅಂತ ಬರದಾರ."

ಓದಲು ಬಾರದ ಓಬಳೆಪ್ಪನಿಗೆ ಅಚ್ಚಾದ ಅಕ್ಷರ ಎಂದರೆ ಕಲ್ಲಿನಲ್ಲಿ ಕೊರೆದ ಹಾಗೆ. ಅಷ್ಟು ದೂರದ ಊರಿನಲ್ಲಿ, ಅಷ್ಟು ದೊಡ್ಡ ಯಂತ್ರದಲ್ಲಿ, ಅಷ್ಟು ಓದಿದವರು ಕೂತು ಸುಳ್ಳು ಒತ್ತುತ್ತಾರೆಂದು ಅವನಿಗೆ ಹೊಳೆಯಲೇ ಇಲ್ಲ. ಅವನು ಮಾಡಿದ ತಪ್ಪು ಅದೊಂದೇ. ಹಲಗೆ ಕಾಸಿಕೊಂಡು ಊರ ಪೆಟ್ಟು ಹಾಕಿದ. ಸಾಲದ್ದಕ್ಕೆ ತಾನೇ ಹೊಳೆ ದಾಟಿ ಹೋಗಿ, "ನಿಮ್ಮವ್ವ ಹಗಲು ರಾತ್ರಿ ಹಲಬಾಕತ್ಯಾಳ, ನಡಿಯೋ" ಎಂದು ತಿರುಪತಿಯ ಗಂಟನ್ನು ತನ್ನ ತಲೆಯ ಮೇಲೆ ಹೊತ್ತು ಕರೆದುಕೊಂಡು ಬಂದ.

ಆ ಪೆಟ್ಟನ್ನು ನಂಬಿ ಮನೆಯವರು ಹೇಳಿ ಕಳಿಸಿದ್ದರಿಂದ ಉಳಿದ ಹುಡುಗರೂ ತಿರುಗಿ ಬಂದರು. ವಾರ ಕಳೆಯುವುದರೊಳಗೆ ದಂಡು ಬಂತು. ಬಂದವರು ಮನೆ ಮನೆ ಹುಡುಕಲಿಲ್ಲ, ಹೆಸರು ಹಿಡಿದು ಕರೆದರು. ಗೌಡ ಚಾವಡಿಯ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರ ಕಡೆಗೂ ಕೈ ಮಾಡುತ್ತಿದ್ದ. ಹಾಡೇ ಹಗಲು, ಇಡೀ ಕೇರಿಯ ಕಣ್ಣೆದುರು. ಹುಡುಗರನ್ನು ಹೊಳೆಯ ದಂಡೆಗೆ ಕರೆದೊಯ್ದರು. ಹೋದವರಲ್ಲಿ ಯಾರೂ ತಿರುಗಿ ಬರಲಿಲ್ಲ.

* * *

ಕಡೆಗೆ ಉಳಿದದ್ದು ಫಕೀರಮ್ಮನ ಬಾಗಿಲು. ಅಲ್ಲಿಗೆ ಹೋಗಬಾರದೆಂದೇ ಗಾಳೆಮ್ಮ ಕೇರಿಯೆಲ್ಲ ಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಫಕೀರಮ್ಮ ಒಲೆಯ ಮುಂದೆ ಕೂತಿದ್ದಳು. ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಪತ್ರಿಕೆಯ ಒಂದು ತುಂಡನ್ನು ಅಂಬಲಿ ಹಚ್ಚಿ ಅಂಟಿಸಿದ್ದರು. ಬಿಳಿ ಟೊಪ್ಪಿಗೆಯ ಕೊಟ್ರಪ್ಪಗೌಡ ಬಾವುಟದ ಕೆಳಗೆ ನಿಂತ ಫೋಟೋ ಅದು. ಅವನ ಪಕ್ಕದಲ್ಲಿ, ಗೌಡನೇ ಉಡಿಸಿದ ಹೊಸ ಸೀರೆಯಲ್ಲಿ, ಫಕೀರಮ್ಮ.

ಸರಕಾರ ಬದಲಾದ ತಿಂಗಳೊಳಗೆ ಗೌಡನ ಟೊಪ್ಪಿಗೆಯೂ ಬದಲಾಗಿತ್ತು. ಹೊಳೆಯಾಚೆಯಿಂದ ಪತ್ರಿಕೆಯವನೊಬ್ಬ ಬಂದು, ಗೌಡರ ಮನೆಯಲ್ಲೇ ಉಂಡು, ಗೌಡರು ಹೇಳಿದ್ದನ್ನೇ ಬರೆದುಕೊಂಡು ಹೋದ. ಗೌಡರು ಪ್ರಾಣದ ಹಂಗು ತೊರೆದು ಊರ ಮಕ್ಕಳನ್ನು ಬಚ್ಚಿಟ್ಟಿದ್ದರಂತೆ. ದಂಡಿಗೆ ಮಾರಿಕೊಂಡ ಡಂಗುರದವನೊಬ್ಬ ಅವರನ್ನು ಹಿಡಿದುಕೊಟ್ಟನಂತೆ. ಅದರಲ್ಲಿ ಓಬಳೆಪ್ಪನ ಹೆಸರು ಕೂಡ ಇರಲಿಲ್ಲ, ಬರೀ ಡಂಗುರದವನು. ಅದನ್ನು ಚಾವಡಿಯಲ್ಲಿ ಓದಿಸಿದರು. ಒಂದು ಸಲ ಓದಿದಾಗ ಜನ ಮುಖ ಮುಖ ನೋಡಿಕೊಂಡರು. ಓದಿಸುತ್ತಲೇ ಹೋದಂತೆ ತಲೆಯಾಡಿಸತೊಡಗಿದರು. ಕೇರಿಯವರೆಲ್ಲ ಕೂಲಿಗೆ ಹೋಗುವುದು ಗೌಡನ ಹೊಲಕ್ಕೇ.

"ಯಕ್ಕಾ, ನಾಕು ಕೆಂಡ" ಎಂದಳು ಗಾಳೆಮ್ಮ.

"ಯಾವ ಬಾಯಿಲೆ ಕೇಳಾಕ ಬಂದಿ? ನನ್ನ ಮಗನ್ನ ಕೈ ಹಿಡಿದು ಕರಕೊಂಡು ಬಂದವ ನಿನ್ನ ಗಂಡ."

"ಹೌದು, ಅವನ ಗಂಟು ತಲಿ ಮ್ಯಾಲ ಹೊತ್ಕೊಂಡು ಬಂದ. ಕೊಲ್ಲಿಸಾಕ ತರಾವ ಗಂಟು ಹೊರ್ತಾನೇನು?"

"ಪೇಪರಿನ್ಯಾಗ ಬಂದೈತಿ."

"ಪೇಪರಿನ್ಯಾಗ ಬರಲಾರದ್ದನ್ನ ನೀನ ಕಣ್ಣಾರೆ ನೋಡೀಯಲ್ಲ ಯಕ್ಕಾ! ಕಟ್ಟಿ ಮ್ಯಾಲ ನಿಂತು ಕೈ ಮಾಡಿದವ ಯಾರು? ನಾನೂ ನೀನೂ ಮಗ್ಗಲಾಗ ಮಗ್ಗಲ ನಿಂತಿದ್ವಿ. ನನ್ನ ರಟ್ಟಿ ಹಿಡದು ನೀನ ಅಂದಿ, ಅಗೋ ಗೌಡ ತೋರಿಸಾಕತ್ಯಾನ ಅಂತ."

ಫಕೀರಮ್ಮ ಊದುಗೊಳವೆಯನ್ನು ಕೆಳಗಿಟ್ಟಳು. ಗೋಡೆಯ ಕಡೆ ನೋಡಿದಳು. ಫೋಟೋದಲ್ಲಿ ಗೌಡ ನಗುತ್ತಿದ್ದ.

"ಅವತ್ತು ನನ್ನ ಕಣ್ಣು ತುಂಬ ನೀರಿತ್ತು" ಎಂದಳು ಮೆಲ್ಲಗೆ. "ಏನ್ ಕಂಡೆನೋ ಏನೋ."

ಗಾಳೆಮ್ಮ ಚಾಚಿದ್ದ ಬೋಕಿಯನ್ನು ಹಿಂದಕ್ಕೆಳೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಕಣ್ಣನ್ನೇ ಅಲ್ಲಗಳೆಯುವವಳ ಎದುರು ಇನ್ನು ಯಾವ ಸಾಕ್ಷಿ ತಂದು ನಿಲ್ಲಿಸುವುದು? ಅವಳು ಹೋಗಲು ತಿರುಗಿದಳು. ಹಿಂದಿನಿಂದ ಚಿಮಟಿಗೆಯ ಸದ್ದಾಯಿತು. ಫಕೀರಮ್ಮ ಎದ್ದು ಬಂದು ಬೋಕಿಯೊಳಕ್ಕೆ ಕೆಂಡ ಸುರಿದಳು.

"ಹಲಗಿಗೆ ಕೊಟ್ಟೀನಿ. ಅವಗಲ್ಲ."

* * *

ಹೇಮಗುಡ್ಡದಿಂದ ಇಬ್ಬರು ಬೀಗರು ಬಂದಿದ್ದರು. ಕಾಳಪ್ಪ ಮೂರನೆಯವನು. ಚಟ್ಟಕ್ಕೆ ನಾಲ್ಕನೆಯ ಹೆಗಲಿಲ್ಲದೆ ಕಾಯುತ್ತ ಕೂತಾಗ ಮದಾರಸಾಬ ಕನ್ನಡಕವನ್ನು ಜೇಬಿಗಿಟ್ಟುಕೊಂಡು ಬಂದ. "ಓದಿ ಹೇಳಿದವ ನಾನು. ನನ್ನ ಪಾಲಿನ ಭಾರ ನಾ ಹೊರಬೇಕಲ್ಲ" ಎಂದು ಹೆಗಲು ಕೊಟ್ಟ.

"ಅತ್ತಿಗಿ, ನಾ ಚಟ್ಟಕ್ಕ ಹೆಗಲು ಕೊಟ್ರ ಹಲಗಿ ಬಾರಿಸಾವ್ರು ಯಾರು?" ಎಂದ ಕಾಳಪ್ಪ.

ಗಾಳೆಮ್ಮ ಹಲಗೆಯನ್ನು ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಕಾಸಿದಳು. ಬೆರಳಿನಿಂದ ತಟ್ಟಿ ನೋಡಿದಳು. ಚರ್ಮ ಬಿಗಿದು ಖಣಿಲೆಂದಿತು. ಹೆಂಗಸು ಹಲಗೆ ಮುಟ್ಟುವುದುಂಟೆ ಎಂದು ಬೀಗರು ಗುಸುಗುಸು ಅಂದರು. ಅವಳು ದಾರವನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು.

ಹೊಳೆಯ ದಾರಿಗೆ ಚಾವಡಿ ದಾಟಿಯೇ ಹೋಗಬೇಕು. ಸಂಜೆಯಾಗಿತ್ತು. ಚಾವಡಿಯ ಕಟ್ಟೆಯ ಮೇಲೆ, ಗೌಡ ಹಿಂದೆ ನಿಂತಿದ್ದ ಜಾಗದಲ್ಲೇ, ಹೊಸದಾಗಿ ಬಂದ ರೇಡಿಯೋ ಇತ್ತು. ಅದಕ್ಕೆ ಹೂವಿನ ಹಾರ ಬೇರೆ. ಕೆಳಗೆ ಊರಿಗೆ ಊರೇ ಕೂತಿತ್ತು.

ಗಾಳೆಮ್ಮ ಊರ ಪೆಟ್ಟು ಹಾಕಿದಳು.

ಕೂತವರ ಬೆನ್ನುಗಳು ಒಮ್ಮೆಲೇ ನೆಟ್ಟಗಾದವು. ಎಷ್ಟೋ ದಿನದಿಂದ ಕೇಳದ ಪೆಟ್ಟು ಅದು. ಮನಸ್ಸು ಮರೆತರೂ ಕಾಲು ಮರೆತಿರಲಿಲ್ಲ. ನಾಲ್ಕಾರು ಜನ ತಮಗೇ ತಿಳಿಯದೆ ಎದ್ದು ನಿಂತರು. ಹೆಂಗಸರ ಸಾಲಿನಲ್ಲಿ ಫಕೀರಮ್ಮನೂ ಎದ್ದಳು.

"ಕೇಳ್ರಪೋ ಕೇಳ್ರಿ! ದೈವದ ಮಂದಿ ಕೇಳ್ರಿ! ಡಂಗುರದ ಓಬಳೆಪ್ಪ ಸತ್ತಾನ. ಅವ ಸುಳ್ಳು ಸಾರಿದವ ಅಲ್ಲ. ಅಖಬಾರದಾಗ ಛಾಪಾ ಆಗಿದ್ದನ್ನ ಗೌಡ್ರು ಸಾರು ಅಂದ್ರು, ಸಾರಿದ. ಹುಡುಗ್ರ ಹೆಸರು ಹೇಳಿದವ ಅವ ಅಲ್ಲ. ಕಟ್ಟಿ ಮ್ಯಾಲ ನಿಂತು ಕೈ ಮಾಡಿದವ್ರು ಯಾರು ಅಂತ ನೀವೆಲ್ಲಾ ನೋಡೀರಿ. ಒಬ್ರಾದ್ರೂ ಬಾಯಿ ಬಿಡ್ರಿ!"

ರೇಡಿಯೋ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ಮುಂದಿನ ಸಾಲಿನಿಂದ ಯಾರೋ ಕೂಗಿದರು.

"ಏ, ಸುಮ್ಕಿರ್ರಿ! ಸುದ್ದಿ ಬರಾಕತ್ತೈತಿ!"

"ನಾನ ಓದೀನಿ! ನನ್ನ ಕೇಳ್ರಿ!" ಎಂದು ಚಟ್ಟದ ಅಡಿಯಿಂದ ಮದಾರಸಾಬ ಒದರಿದ.

"ಅವನ ಮಾತು ಈಗ ಯಾರಿಗೆ ಬೇಕು?" ಎಂದಿತು ಇನ್ನೊಂದು ದನಿ. ಒಂದಿಬ್ಬರು ನಕ್ಕರು.

ಕೊಟ್ರಪ್ಪಗೌಡ ಕಟ್ಟೆಯಿಂದ ಇಳಿದು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಟೊಪ್ಪಿಗೆ ತೆಗೆದು ಹೆಣಕ್ಕೆ ಕೈ ಮುಗಿದ. "ದುಃಖದಾಗ ತಲಿ ಕೆಟ್ಟೈತಿ, ಪಾಪ. ದಾರಿ ಬಿಡ್ರಪ್ಪ" ಎಂದ.

"ಪಾಪ" ಎಂದಿತು ಊರು. ದಾರಿ ಬಿಟ್ಟಿತು. ಎದ್ದಿದ್ದವರು ಕೂತರು. ಗಾಳೆಮ್ಮ ಹೆಂಗಸರ ಕಡೆ ನೋಡಿದಳು. ಫಕೀರಮ್ಮ ಒಂದು ಕ್ಷಣ ಅವಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೊಸ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರೇಡಿಯೋದ ಕಡೆ ಮುಖ ಮಾಡಿ ಕೂತಳು.

ಗಾಳೆಮ್ಮ ಮತ್ತೆ ಬಾರಿಸಿದಳು. ಹೊಳೆಯ ಗಾಳಿಗೆ ಹಲಗೆ ತಣ್ಣಗಾಗಿತ್ತು. ಸದ್ದು ನಾಲ್ಕು ಮನೆ ಕೂಡ ದಾಟಲಿಲ್ಲ.

* * *

ಓಬಳೆಪ್ಪನನ್ನು ಕುಣಿಯಲ್ಲಿಳಿಸಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾಗ ತಳವಾರ ಗಿಡ್ಡಪ್ಪ ದಾಪುಗಾಲು ಹಾಕುತ್ತ ಬಂದ. ಮಣ್ಣು ಕೊಡಲು ಬಂದನೇನೋ ಎಂದು ಗಾಳೆಮ್ಮ ಜಾಗ ಬಿಟ್ಟಳು. ಅವನು ಕುಣಿಯ ಕಡೆ ನೋಡಲೇ ಇಲ್ಲ.

"ಲೇ ಕಾಳಪ್ಪ, ಗೌಡ್ರು ಹೇಳಿ ಕಳಿಸ್ಯಾರ. ಇನ್ನ ಮ್ಯಾಲ ಡಂಗುರ ನಿಂದ ಅಂತ. ಮಂತ್ರಿಗಳು ಬರ್ತಾರ, ಸುತ್ತ ಹಳ್ಳಿಗೆಲ್ಲ ನಾಳಿ ಸಾರಬೇಕು. ಹಲಗಿ ತಗೊಂಡು ಬಾ." ಎರಡು ಹೆಜ್ಜೆ ಹೋದವನು ನೆನಪಾದವನಂತೆ ತಿರುಗಿದ. "ಸರಕಾರಿ ಪೆಟ್ಟು ಬ್ಯಾಡಂತ. ಊರ ಪೆಟ್ಟು ಹಾಕಬೇಕಂತ."

ಕಾಳಪ್ಪ ಅತ್ತಿಗೆಯ ಮುಖ ನೋಡಿದ, ಹಲಗೆಯ ಕಡೆ ನೋಡಿದ. ಅವನ ಮನೆಯಲ್ಲಿ ಸಣ್ಣ ಸಣ್ಣ ಮಕ್ಕಳಿದ್ದವು. ಮಣ್ಣಾದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ.

ಗಾಳೆಮ್ಮ ದಾರವನ್ನು ಹೆಗಲಿಂದ ಬಿಚ್ಚಿದಳು. ಬಗ್ಗಿ, ಹಲಗೆಯನ್ನು ಕುಣಿಯೊಳಗೆ ಇಳಿಸಿ, ಚರ್ಮ ಮೇಲಾಗುವಂತೆ ಗಂಡನ ಎದೆಯ ಮೇಲೆ ಇಟ್ಟಳು.

"ಏನ್ ಮಾಡಾಕತ್ತೀಬೆ?" ಎಂದು ಗಿಡ್ಡಪ್ಪ ಗದರಿದ. ಆಮೇಲೆ ಹೆಗಲು ಕುಣಿಸಿದ. "ಇಡು, ಇಡು. ಬಾಜೂ ಊರಿಂದ ಇನ್ನೊಂದು ತರಸ್ತಾರ. ಹಲಗಿಗೇನು ಬರ? ಬಾರಿಸಾವ್ರಿಗೇನು ಬರ?"

ಕಾಳಪ್ಪ ಅವನನ್ನು ಬೀಳ್ಕೊಡುವ ನೆವದಲ್ಲಿ ಬೇಲಿಯ ತನಕ ಹೋದ. ಇಬ್ಬರೂ ತಲೆ ತಗ್ಗಿಸಿ ಏನೋ ಮಾತಾಡಿಕೊಂಡರು.

ಗಾಳೆಮ್ಮ ಬೊಗಸೆ ತುಂಬ ಮಣ್ಣು ತೆಗೆದು ಕುಣಿಗೆ ಹಾಕಿದಳು. ಮಣ್ಣಿನ ಹೆಂಟೆಗಳು ಹಲಗೆಯ ಮೇಲೆ ಬಿದ್ದು ದಪ್ ಎಂದವು. ಮದಾರಸಾಬ ಹಾಕಿದಾಗ ಮತ್ತೊಮ್ಮೆ ದಪ್ ಎಂದಿತು. ಬೀಗರು ಗುದ್ದಲಿಯಿಂದ ಮಣ್ಣು ಎಳೆಯತೊಡಗಿದರು. ಚರ್ಮ ಮುಚ್ಚುವವರೆಗೆ ಸದ್ದು ಕೇಳಿಸುತ್ತಿತ್ತು. ಆಮೇಲೆ ಮಣ್ಣು ಮಣ್ಣಿನ ಮೇಲೆ ಬಿತ್ತು.